ಗೇರ್‌ಬಾಕ್ಸಿಗೆ ಯಾವ ಎಣ್ಣೆ?

ಗೇರ್ ಆಯಿಲ್ ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂದಿರುತ್ತದೆ. 4ಕ್ಕಿಂತ 5 ಮೇಲೆಂದು ಅದನ್ನೇ ಕೊಳ್ಳುವವರುಂಟು. ಪರೀಕ್ಷೆಯ ಅಂಕದ ಲೆಕ್ಕ ಇಲ್ಲಿ ನಡೆಯದು.

ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗೆಂದು ತಯಾರಾದದ್ದು. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಸವೆತ ತಡೆಯಲು ಗಂಧಕ, ರಂಜಕದ ಸಂಯುಕ್ತಗಳನ್ನು ಎಣ್ಣೆಗೆ ಹೆಚ್ಚಾಗಿ ಬೆರೆಸಿರುತ್ತಾರೆ.

ಗೇರ್‌ಬಾಕ್ಸಿನ ಕಥೆ ಬೇರೆ. ಗೇರ್ ಬದಲಿಸುವಾಗ ವೇಗ ಸರಿದೂಗಿಸುವ ಸಿಂಕ್ರೊನೈಸರ್ ಉಂಗುರ ಅನೇಕ ಕಾರುಗಳಲ್ಲಿ ಹಿತ್ತಾಳೆಯದು. ಗಂಧಕದ ಕೆಲವು ಸಂಯುಕ್ತಗಳು ಅದನ್ನು ಕ್ರಮೇಣ ತಿನ್ನಬಲ್ಲವು. ಉಂಗುರಕ್ಕೆ ತುಸು ಘರ್ಷಣೆಯೂ ಬೇಕು. ಎಣ್ಣೆ ಅತಿ ಜಾರಾದರೆ ಗೇರ್ ಬೀಳುವಾಗ ಕರಕರ ಸದ್ದು.

ಕೆಲವು ಕಾರಿಗೆ 75ಡಬ್ಲ್ಯೂ-90 ದಪ್ಪದ ಎಣ್ಣೆ ಬೇಕು, ಕೆಲವಕ್ಕೆ ಇನ್ನೂ ತೆಳುವಾದದ್ದು. ಕಾರಿನೊಡನೆ ಬಂದ ಕೈಪಿಡಿ ತೆರೆದು ನೋಡಿಯೇ ಅಂಗಡಿಗೆ ಹೊರಡುವುದು ಲೇಸು. ಓದಲು ಐದು ನಿಮಿಷ ಸಾಕು. ಗೇರ್‌ಬಾಕ್ಸ್ ಬಿಚ್ಚಿಸಿದರೆ ಸಾವಿರಾರು ರೂಪಾಯಿ.