ನಿತ್ಯ ಬಳಕೆಯ ಇಂಗ್ಲಿಷ್: ಹಿಂಜರಿಕೆಯೂ ಬೇಡ, ಕೀಳರಿಮೆಯೂ ಬೇಡ

ಮಕ್ಕಳು ಉದ್ಯೋಗ ನಿಮಿತ್ತ ಪರರಾಜ್ಯ, ಪರದೇಶಗಳಲ್ಲಿ ನೆಲೆಸಿರುವ ಮನೆತನಗಳು ನಮ್ಮ ಸಮಾಜದಲ್ಲಿ ಇಂದು ಅನೇಕ. ಅವರಲ್ಲಿಗೆ ಹೋದ ಹಿರಿಯರು ಭಾಷೆ ಬಾರದೆ ಮನೆಯೊಳಗೇ ಬಂದಿಗಳಂತೆ ಉಳಿಯುವುದನ್ನು ಕಾಣುತ್ತಿದ್ದೇವೆ. ನಮಗೂ ಈ ಅನುಭವವಾಗಿದೆ. ಪರವೂರಿನ ಆಸ್ಪತ್ರೆಯೊಂದರಲ್ಲಿ ವೈದ್ಯರು ನಮ್ಮ ಮನೆಯ ಹಿರಿಯರೊಬ್ಬರನ್ನು ಪರೀಕ್ಷಿಸುತ್ತ, ನೋವು ಎಂಥದು, ಎಂದಿನಿಂದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾವು ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಂಠಪಾಠ ಮಾಡಿದವರೇ. ಆದರೂ ಹೊಟ್ಟೆ ಉರಿಯುತ್ತದೆ, ತಲೆ ತಿರುಗುತ್ತದೆ ಎಂಬ ಎರಡು ಮಾತು ಬಾಯಿಗೆ ಬರಲಿಲ್ಲ. ಮಗ ಕಚೇರಿಯಿಂದ ಬರುವವರೆಗೆ ಆ ಹಿರಿಯ ಜೀವ ನೋವನ್ನು ನುಂಗಿಕೊಂಡು ಕುಳಿತಿತು. ನಿತ್ಯದ ನಾಲ್ಕು ಮಾತು ಕಲಿಯುವುದು ಪ್ರತಿಷ್ಠೆಗಾಗಿ ಅಲ್ಲ, ಸಂಸಾರದ ಅಗತ್ಯಕ್ಕಾಗಿ ಎಂಬುದು ಅಂದು ನಮಗೆ ಮನವರಿಕೆಯಾಯಿತು.

ಬಿಡಿ ಶಬ್ದಗಳಿಗೆ ನಮ್ಮಲ್ಲಿ ಬಡತನವಿಲ್ಲ. ಬಸ್ಸು, ಟಿಕೆಟ್ಟು, ಬ್ಯಾಂಕು, ಡಾಕ್ಟರು ಮುಂತಾದವನ್ನು ಓದುಬರಹ ಅರಿಯದ ತಾಯಂದಿರೂ ಬಳಸುತ್ತಾರೆ. ತೊಡಕಿರುವುದು ಅವನ್ನು ವಾಕ್ಯವಾಗಿ ಹೆಣೆಯುವಲ್ಲಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ನನಗೆ ಜ್ವರ ಇದೆ’ ಎನ್ನುವುದನ್ನು ‘ಐ ಹ್ಯಾವ್ ಎ ಫೀವರ್’ ಎನ್ನಬೇಕು. ‘ಎರಡು ದಿನದಿಂದ’, ‘ಸೋಮವಾರದಿಂದ’ ಎಂಬಲ್ಲಿ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ಫಾರ್ ಟೂ ಡೇಸ್’, ಎರಡನೆಯದು ‘ಸಿನ್ಸ್ ಮಂಡೇ’. ಉರಿಗೆ ‘ಬರ್ನಿಂಗ್’, ತಲೆ ತಿರುಗುವುದಕ್ಕೆ ‘ಐ ಫೀಲ್ ಡಿಜಿ’ ಎಂದರೆ ವೈದ್ಯರಿಗೆ ತಿಳಿಯುತ್ತದೆ.

ವಿನಯದ ರೀತಿಯೂ ಬೇರೆ. ‘ನೀರು ಕೊಡಿರಿ’ ಎಂದಾಗ ನಮ್ಮ ‘ರಿ’ಕಾರದಲ್ಲಿಯೇ ಗೌರವ ಅಡಗಿದೆ. ಅದನ್ನೇ ‘ಗಿವ್ ಮಿ ವಾಟರ್’ ಎಂದರೆ ಅಪ್ಪಣೆಯಂತೆ ಕೇಳಿಸುತ್ತದೆ. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್’ ಎನ್ನುವುದು ಸರಿಯಾದ ರೂಢಿ. ಮೃದುನುಡಿಯ ಹಿರಿಮೆ ಸಾರಿದ ಶರಣರ ಮಕ್ಕಳಾದ ನಮಗೆ ಇದು ಹೊಸ ಪಾಠವೇನಲ್ಲ. ಎದುರಿನವರ ಮಾತು ತಿಳಿಯದಿದ್ದರೆ ಸುಮ್ಮನೆ ತಲೆಯಾಡಿಸದೆ ‘ಪ್ಲೀಸ್ ಸ್ಪೀಕ್ ಸ್ಲೋಲಿ’ ಎಂದು ಕೇಳಬೇಕು. ಪರದೇಶದಲ್ಲಿ ಊಟಕ್ಕೆ ಕುಳಿತಾಗ ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಕೆಲವೆಡೆ ಮೊಟ್ಟೆಯನ್ನೋ ಮೀನನ್ನೋ ತಂದಿಟ್ಟಾರು. ‘ನೋ ಮೀಟ್, ನೋ ಫಿಶ್, ನೋ ಎಗ್ಸ್’ ಎಂದು ಬಿಡಿಸಿ ಹೇಳುವುದೇ ಕ್ಷೇಮ.

ಕಲಿಕೆಗೆ ವಯಸ್ಸು ಅಡ್ಡಿಯಲ್ಲ. ದಿನಕ್ಕೆ ಐದೇ ವಾಕ್ಯ ಸಾಕು. ಒಂದು ವಾರ ಆಸ್ಪತ್ರೆಯ ಮಾತು, ಮರುವಾರ ಅಂಗಡಿಯ ಮಾತು, ಅನಂತರ ಪ್ರಯಾಣದ ಮಾತು ಎಂದು ವಿಂಗಡಿಸಿ, ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು ಗಟ್ಟಿಯಾಗಿ ಹೇಳಬೇಕು. ಮೊಮ್ಮಕ್ಕಳನ್ನೇ ಗುರುಗಳನ್ನಾಗಿ ಮಾಡಿಕೊಳ್ಳಬಹುದು. ಅವರು ತಪ್ಪು ತಿದ್ದಲಿ. ಮನೆಯವರು ಮಾತ್ರ ನಗಬಾರದು. ಒಮ್ಮೆ ನಕ್ಕರೆ ಆ ಬಾಯಿ ಮತ್ತೆ ತೆರೆಯದು. ಜರ್ಮನಿಯಿಂದ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರೂ ನಮ್ಮ ಜನರ ನಡುವೆ ಇದ್ದು ಕನ್ನಡ ಕಲಿತವರೇ. ಆ ಕಲಿಕೆಯ ಫಲವಾದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

ಇಂಗ್ಲಿಷ್ ಬಂದರೆ ಕನ್ನಡ ಹೋದೀತೆಂಬ ಭಯ ಕೆಲವರಿಗಿದೆ. ವಚನ ಪಿತಾಮಹ ಫ. ಗು. ಹಳಕಟ್ಟಿಯವರು ಇಂಗ್ಲಿಷ್ ಕಲಿತ ವಕೀಲರು. ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಅರಸಿ ತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದವರೂ ಅವರೇ. ಪರಭಾಷೆ ಅವರ ಕನ್ನಡವನ್ನು ಕುಗ್ಗಿಸಲಿಲ್ಲ. ಆದರೆ ಅಜ್ಜಿ ಇಂಗ್ಲಿಷ್ ಕಲಿಯುವ ಮನೆಯಲ್ಲಿ ಮೊಮ್ಮಗು ಕನ್ನಡವನ್ನೂ ಕಲಿಯಬೇಕು. ಅಜ್ಜಿ ಐದು ವಾಕ್ಯ ಒಪ್ಪಿಸಿದ ದಿನ ಮೊಮ್ಮಗು ಒಂದು ವಚನ ಒಪ್ಪಿಸಲಿ. ಈ ಕೊಡುಕೊಳ್ಳುವಿಕೆಯಿಂದ ಎರಡು ತಲೆಮಾರುಗಳ ನಡುವಿನ ಮೌನ ಕರಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಜನರ ನುಡಿಯಲ್ಲಿಯೇ ಹೇಳಿದರು. ಭಾಷೆ ಇರುವುದು ಮನುಷ್ಯನಿಗೆ ಮನುಷ್ಯ ಹತ್ತಿರವಾಗಲೆಂದೇ. ತಪ್ಪಾದರೂ ಚಿಂತೆಯಿಲ್ಲ, ಇಂದೇ ಮೊದಲ ಐದು ವಾಕ್ಯ ಬರೆದುಕೊಳ್ಳೋಣ.