15 ಸಿಗರೇಟಿಗೆ ಒಂದು ತಪ್ಪು

ಸರಾಸರಿ 15 ಸಿಗರೇಟು ಸೇದಿದರೆ ಶ್ವಾಸಕೋಶದ ಕೋಶದ ಡಿಎನ್‌ಎಯಲ್ಲಿ ಒಂದು ಬದಲಾವಣೆ ಆಗುತ್ತೆ. ಈ ಅಂದಾಜು ಕೊಟ್ಟಿದ್ದು ಮೈಕ್ ಸ್ಟ್ರಾಟನ್ ಅವರಿದ್ದ ತಂಡ.

ಯಾರಿವರು? ಬ್ರಿಟನ್ನಿನ ವೈದ್ಯ. ಕಲಿತದ್ದು ರೋಗಶಾಸ್ತ್ರ, ಆಮೇಲೆ ಹಿಡಿದದ್ದು ಜೀನ್‌ಗಳ ಜಾಡು. ಸ್ತನ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಕುಟುಂಬಗಳನ್ನು ಅಭ್ಯಾಸ ಮಾಡಿ, 1995ರಲ್ಲಿ ಇವರ ತಂಡ ಬಿಆರ್‌ಸಿಎ2 ಜೀನನ್ನು ಗುರುತಿಸಿತು.

2000ರಲ್ಲಿ ಕೇಂಬ್ರಿಡ್ಜ್ ಹತ್ತಿರದ ಸ್ಯಾಂಗರ್ ಸಂಸ್ಥೆಯಲ್ಲಿ ಇವರ ಕ್ಯಾನ್ಸರ್ ಜೀನೋಮ್ ಯೋಜನೆ ಶುರುವಾಯ್ತು. ಉಪಾಯ ಇಷ್ಟೇ: ಒಬ್ಬರದೇ ಗೆಡ್ಡೆಯ ಡಿಎನ್‌ಎ, ಆರೋಗ್ಯವಾಗಿರುವ ಕೋಶದ ಡಿಎನ್‌ಎ, ಎರಡನ್ನೂ ಓದಿ ತಾಳೆ ನೋಡೋದು. ಗೆಡ್ಡೆಯಲ್ಲಿ ಮಾತ್ರ ಕಂಡದ್ದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಆದದ್ದು.

2002ರಲ್ಲಿ ದೊಡ್ಡ ಸುಳಿವು ಸಿಕ್ತು: ಬಿಆರ್‌ಎಎಫ್ ಜೀನ್. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಇದು ಕೆಟ್ಟಿರುತ್ತೆ. ಬೆಳೆಯುತ್ತಲೇ ಇರು ಅಂತ ಕೋಶಕ್ಕೆ ಬಿಡದೆ ಹೇಳುತ್ತೆ. ಅದನ್ನು ತಡೆಯುವ ವೆಮುರಾಫೆನಿಬ್ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

2009ರಲ್ಲಿ ಒಂದು ಶ್ವಾಸಕೋಶ ಕ್ಯಾನ್ಸರಿನ ಇಡೀ ಜೀನೋಮ್ ಓದಿದರು. ಸಿಕ್ಕಿದ್ದು 22,000ಕ್ಕೂ ಹೆಚ್ಚು ಬದಲಾವಣೆ! ತಂಬಾಕು ಡಿಎನ್‌ಎ ಮೇಲೆ ಬಿಡುವ ಗುರುತೇ ಬೇರೆ, ಬಿಸಿಲು ಬಿಡುವ ಗುರುತೇ ಬೇರೆ. ಹಾಗಾಗಿ ಡಿಎನ್‌ಎ ನೋಡಿಯೇ ಹಲವು ಸಲ ಕಾರಣ ಊಹಿಸಬಹುದು.

ಇಷ್ಟು ದತ್ತಾಂಶ ಸೋಸೋಕೆ ವೈದ್ಯರಷ್ಟೇ ಸಾಲದು. ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಬಲ್ಲವರೂ ಬೇಕು. ಜೀವಶಾಸ್ತ್ರ, ಕೋಡಿಂಗ್ ಎರಡೂ ಇಷ್ಟವಾ? ಹಾಗಾದ್ರೆ ಪಿಯುಸಿ ಆದ್ಮೇಲೆ ಈ ದಾರಿಯನ್ನೂ ಒಮ್ಮೆ ಯೋಚಿಸಿ.