ಗದ್ದೆಯ ಬದುವಿನಲ್ಲೂ ನಡೆಯಬೇಕಾದ ಕಾಲು

ಹಾನಗಲ್ಲಿನ ಭತ್ತದ ಗದ್ದೆಯ ಬದು, ಹಿರೇಕೆರೂರಿನ ಗೋವಿನಜೋಳದ ಹೊಲ, ಸವಣೂರಿನ ಎಲೆಬಳ್ಳಿ ತೋಟದ ಹಸಿಮಣ್ಣು, ಶಿಗ್ಗಾವಿಯಲ್ಲಿ ಹತ್ತುವ ಬಸ್ಸಿನ ಎತ್ತರದ ಮೆಟ್ಟಿಲು. ಕೃತಕ ಕಾಲಿಗೆ ಇವೇ ನಿಜವಾದ ಪರೀಕ್ಷೆ. ಜೈಪುರದ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ 1968ರಲ್ಲಿ ರೂಪಿಸಿದ ರಬ್ಬರಿನ ಪಾದ ಹಳ್ಳಿಗರಿಗೆ ಹಿಡಿಸಿದ್ದು ಇದಕ್ಕೇ: ಅದನ್ನು ತೊಟ್ಟು ಬರಿಗಾಲಲ್ಲಿ ನಡೆಯಬಹುದು, ನೀರಿಗಿಳಿಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು. ಕೃತಕ ಕಾಲು ಜೋಡಿಸುವ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಆವರಣದಲ್ಲಿರುವ ಮಹಾವೀರ ಲಿಂಬ್ ಸೆಂಟರ್ ಈ ಊರುಗಳಿರುವ ಹಾವೇರಿ ಜಿಲ್ಲೆಯವರಿಗೂ ದೂರವಲ್ಲ. ಮೊಣಕಾಲಿನ ಮೇಲೆ ಕಾಲು ಕಳೆದುಕೊಂಡವರಿಗಾಗಿ ಮದ್ರಾಸ್ ಐಐಟಿಯು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮುಂತಾದವರ ಜೊತೆಗೂಡಿ 2022ರಲ್ಲಿ ತಂದ ‘ಕದಮ್’ ಮೊಣಕಾಲು 160 ಡಿಗ್ರಿಯವರೆಗೆ ಮಡಚುತ್ತದೆ.

ಕಾಲು ಹೋಗದಂತೆ ಕಾಯುವ ಸಂಶೋಧನೆಯೂ ಇದೆ. ಸಕ್ಕರೆ ಕಾಯಿಲೆ ಹಳತಾದಾಗ ಅಂಗಾಲಿನ ಸ್ಪರ್ಶಜ್ಞಾನ ಕುಗ್ಗುತ್ತದೆ. ನಡಿಗೆ ಏರುಪೇರಾಗಿ, ಪಾದದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರ ಬಿದ್ದು ಹುಣ್ಣಾಗುತ್ತದೆ. ನೋವಿಲ್ಲದ್ದರಿಂದ ತಿಳಿಯುವುದು ತಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡದಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಪ್ರಿಯಬ್ರತ ಮಹಾರಾಣಾ ಇದಕ್ಕೊಂದು ಚಪ್ಪಲಿ ರೂಪಿಸಿದರು. ಕರ್ನಾಟಕ ಅಂತಃಸ್ರಾವ ಸಂಸ್ಥೆಯ ವೈದ್ಯರೂ ಕೈಜೋಡಿಸಿದ್ದರು. ತ್ರೀಡಿ ಮುದ್ರಣದ ಈ ಚಪ್ಪಲಿಯ ತಳದಲ್ಲಿ ಸಾಲುಸಾಲು ಸಣ್ಣ ಕಮಾನುಗಳಿವೆ. ಒತ್ತಡ ಮಿತಿ ಮೀರಿದ ಕಡೆ ಕಮಾನು, ಹುಡುಗಿಯರ ಟಿಕ್‌ಟಿಕ್ ಕ್ಲಿಪ್ಪಿನ ಹಾಗೆ, ಚಟ್ಟನೆ ಕೆಳಮುಖವಾಗುತ್ತದೆ. ಭಾರ ಅಕ್ಕಪಕ್ಕಕ್ಕೆ ಸರಿಯುತ್ತದೆ. ಹೆಜ್ಜೆ ಎತ್ತಿದೊಡನೆ ಕಮಾನು ತಾನಾಗಿ ಮೊದಲಿನಂತಾಗುತ್ತದೆ. ಬ್ಯಾಟರಿ ಬೇಡ, ಸೆನ್ಸರ್ ಬೇಡ. ಯಾವ ಒತ್ತಡಕ್ಕೆ ಬಾಗಬೇಕೆಂಬುದನ್ನು ತೊಡುವವರ ತೂಕ, ಪಾದದ ಅಳತೆ, ನಡಿಗೆಯ ವೇಗ ನೋಡಿ ನಿಗದಿ ಮಾಡುತ್ತಾರೆ.

ಜಾಣ ವಿನ್ಯಾಸ, ಅನುಮಾನವಿಲ್ಲ. ಆದರೆ ನಮ್ಮ ರೈತ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಗದ್ದೆಗಿಳಿಯುತ್ತಾನೆ, ಮನೆಯ ಹೊಸ್ತಿಲಲ್ಲೂ ಬಿಡುತ್ತಾನೆ. ಚಪ್ಪಲಿ ಕಾಯುವುದು ಕಾಲಲ್ಲಿದ್ದಷ್ಟು ಹೊತ್ತು ಮಾತ್ರ. ಹೀಗಾಗಿ ಕೆಸರು ಮೆತ್ತದ, ತೊಳೆದರೆ ಕೆಡದ, ಮನೆಯೊಳಗೂ ಮುಜುಗರವಿಲ್ಲದೆ ಮೆಟ್ಟಬಹುದಾದ ಪಾದರಕ್ಷೆಯ ಕೆಲಸ ಇನ್ನೂ ಯಾರಾದರೂ ಕೈಗೆತ್ತಿಕೊಳ್ಳಬೇಕು. ಅದನ್ನು ಈ ನೆಲ ತುಳಿದು ಬೆಳೆದವರೇ ಮಾಡಲಿ ಎನ್ನುವುದು ನನ್ನ ಪಕ್ಷಪಾತ.

ದಾರಿ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ನಡೆಸುತ್ತಿರುವ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ ಅಂತಿಮ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತದೆ. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ ಹಾನಗಲ್ಲಿನ ಗದ್ದೆಗೆ ಬಸ್ಸಿನಲ್ಲೇ ಹೋಗಿಬರಬಹುದು. ಮೊದಲು ಅಳೆಯಬೇಕಾದ್ದು, ನಾಟಿ ಹಚ್ಚುವ ಹೆಂಗಸರ ಅಂಗಾಲಿನ ಮೇಲೆ ಕೆಸರಿನಲ್ಲಿ ಬೀಳುವ ಭಾರವನ್ನು.